ಕಡಲ ದಂಡೆ ಪಟ್ಟಣದ ಗೋಮಾಳ: ಕಾಯುವವರು ಯಾರು?

ವಿಶಾಖಪಟ್ಟಣದ ಋಷಿಕೊಂಡ ಬೀಚಿಗೆ 2020ರಲ್ಲಿ ಒಂದು ನೀಲಿ ಬಾವುಟ ಬಂತು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಕಚೇರಿ ಇಟ್ಟುಕೊಂಡ ಸಂಸ್ಥೆಯೊಂದು ಕಡಲ ದಂಡೆಗಳನ್ನು ಪರೀಕ್ಷೆ ಮಾಡಿ ಕೊಡುವ 'ಬ್ಲೂ ಫ್ಲ್ಯಾಗ್' ಅದು. ನೀರಿನ ಶುದ್ಧಿ, ಕಸದ ವಿಲೇವಾರಿ, ಸ್ನಾನಕ್ಕಿಳಿದವರ ಸುರಕ್ಷತೆ ಹೀಗೆ 33 ಅಂಶ ನೋಡುತ್ತಾರಂತೆ. ಆ ವರ್ಷ ಭಾರತಕ್ಕೆ ಸಿಕ್ಕಿದ್ದು ಎಂಟು ಬಾವುಟ. ಅದರಲ್ಲಿ ಎರಡು ಕರ್ನಾಟಕದ ಪಡುಬಿದ್ರಿಗೂ ಹೊನ್ನಾವರ ಹತ್ತಿರದ ಕಾಸರಕೋಡಿಗೂ ಹೋದವು. 2025ರ ಮೊದಲ ತಿಂಗಳುಗಳಲ್ಲಿ ಋಷಿಕೊಂಡದ ಬಾವುಟ ಇಳಿಯಿತು. ಕಸ, ಬೀದಿನಾಯಿ, ಕೆಟ್ಟುನಿಂತ ಕ್ಯಾಮೆರಾ ಅಂತ ದೂರು ಹೋಗಿತ್ತು. ಸರ್ಕಾರ ಗಡಿಬಿಡಿಯಲ್ಲಿ ಗುಡಿಸಿ ಸಾರಿಸಿತು. ಕೆಲವು ವಾರಗಳಲ್ಲಿ ಬಾವುಟ ಮತ್ತೆ ಏರಿತು.

ಮಡಕಶಿರಾ, ರೊಳ್ಳ, ಅಗಳಿ ಕಡೆಯ ನಮಗೆ ಇದರಿಂದ ಆಗಬೇಕಾದ್ದೇನು ಎಂದು ಓದುಗರು ಕೇಳಬಹುದು. 2022ರಲ್ಲಿ ಆದ ನಮ್ಮ ಶ್ರೀ ಸತ್ಯಸಾಯಿ ಜಿಲ್ಲೆಗೆ ಸಮುದ್ರವಿಲ್ಲ. ಕೊಳವೆಬಾವಿಯಲ್ಲಿ ಎರಡಿಂಚು ನೀರು ಬಿದ್ದರೆ ತೆಂಗಿನಕಾಯಿ ಒಡೆಯುವ ಸೀಮೆ ನಮ್ಮದು. ಆದರೂ ಗಡಿಯ ಕನ್ನಡಿಗರು ಕಡಲಿಗೆ ಹೋಗುವುದನ್ನು ಬಿಟ್ಟಿಲ್ಲ. ಸೊಲ್ಲಾಪುರ, ಜತ್ತದ ಕಡೆಯವರು ಗೋವಾಕ್ಕೆ ಹೋಗುತ್ತಾರೆ, ಹೊಸೂರಿನವರು ಚೆನ್ನೈಗೆ ಹೋಗುತ್ತಾರೆ. ಕಾಸರಗೋಡಿನವರಿಗೆ ಹಿತ್ತಲಲ್ಲೇ ಕಡಲು. ನಾವು ಹಿಂದೂಪುರದಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ವಿಶಾಖಪಟ್ಟಣ. ನಮ್ಮ ಮಕ್ಕಳು ಅಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಊರ ಗೋಮಾಳ ವರ್ಷವರ್ಷವೂ ಕರಗಿದ್ದನ್ನು ಕಣ್ಣಾರೆ ಕಂಡವರಿಗೆ ಈ ದಂಡೆಯ ಕಥೆ ಬೇಗ ಅರ್ಥವಾಗುತ್ತದೆ. ಆಂಧ್ರದ ರೆವಿನ್ಯೂ ದಫ್ತರದಲ್ಲಿ ಪೋರಂಬೋಕು, ಕರ್ನಾಟಕದ ದಫ್ತರದಲ್ಲಿ ಗೋಮಾಳ, ಪಟ್ಟಣದಲ್ಲಿ ಬೀಚು. ಹೆಸರು ಮೂರಾದರೂ ಸಂಗತಿ ಒಂದೇ: ಯಾರ ಪಟ್ಟಾ ಪುಸ್ತಕದಲ್ಲೂ ಇಲ್ಲದ, ಎಲ್ಲರಿಗೂ ಬೇಕಾದ ನೆಲ.

ಕಾಸಿಲ್ಲದ ಸಂತೆ

ರಾಗಿ ಕಣ ಮುಗಿಸಿ, ಸಂಕ್ರಾಂತಿ ಕಳೆದ ಮೇಲೆ ನಾವು ಆರು ಜನ ಹೊರಟೆವು. ಅಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಆರ್‌.ಕೆ. ಬೀಚಿಗೆ ಕರೆದುಕೊಂಡು ಹೋದ. ಆರ್‌.ಕೆ. ಅಂದರೆ ರಾಮಕೃಷ್ಣ; ಪಕ್ಕದಲ್ಲಿರುವ ರಾಮಕೃಷ್ಣ ಮಿಷನ್ನಿನ ಆಶ್ರಮದಿಂದ ಬಂದ ಹೆಸರು. ಬೆಳಗಿನ ಹೊತ್ತು ಬೀಚ್ ರೋಡಿನಲ್ಲಿ ವಾಹನ ಬಿಡುವುದಿಲ್ಲ. ಇಡೀ ರಸ್ತೆ ನಡೆಯುವವರದು. ಪಿಂಚಣಿದಾರರು, ಸಕ್ಕರೆ ಕಾಯಿಲೆಯವರು, ಬುರ್ಖಾ ಹಾಕಿದ ಹೆಣ್ಣುಮಕ್ಕಳು, ಪೊಲೀಸ್ ಕೆಲಸಕ್ಕೆ ಉಸುಕಿನಲ್ಲಿ ಓಡಿ ತಯಾರಾಗುವ ಹುಡುಗರು, ಎಲ್ಲರೂ ಒಂದೇ ಗಾಳಿ ಕುಡಿಯುತ್ತಾ ನಡೆಯುತ್ತಾರೆ.

ನನ್ನ ಬಾಮೈದ ಅದುವರೆಗೆ ಸಮುದ್ರ ನೋಡಿರಲಿಲ್ಲ. ಸೂರ್ಯ ಏಳುವಾಗ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, "ಬಾವ, ಇಷ್ಟು ನೀರಿಗೆ ಕೋಡಿ ಎಲ್ಲೈತೆ?" ಅಂದ. ಕೆರೆ ನೋಡಿ ಬೆಳೆದ ಕಣ್ಣು ಕೇಳಬೇಕಾದ ಪ್ರಶ್ನೆಯೇ ಅದು. ಕನ್ನಡದ ಕಡಲು, ತೆಲುಗಿನ ಕಡಲಿ ಎರಡೂ ಒಂದೇ ಬೇರಿನ ಮಾತು. ಮಾತು ನಮ್ಮ ಮನೆಯದಾದರೂ ನೀರು ನಮಗೆ ಹೊಸದು.

ಹುಡುಗರು ಅಲ್ಲಿಯ ಹುಡುಗರ ಜೊತೆ ಸೇರಿ ಉಸುಕಿನಲ್ಲೇ ಕಬಡ್ಡಿಗೆ ಗೆರೆ ಎಳೆದರು. ಬಿದ್ದರೂ ಮಂಡಿ ತರಚದ ಅಂಗಳ ಅದು. ಯಾವ ಊರು, ಯಾವ ಕುಲ ಅಂತ ಯಾರೂ ಕೇಳಲಿಲ್ಲ. ಬಿಸಿಲೇರುವ ಹೊತ್ತಿಗೆ ಕುರುಸುರಾ ಸಬ್‌ಮರೀನ್ ನೋಡಿದೆವು. 1969ರಲ್ಲಿ ನೌಕಾಪಡೆಗೆ ಸೇರಿ 2001ರಲ್ಲಿ ನಿವೃತ್ತಿಯಾದ ಜಲಾಂತರ್ಗಾಮಿ. ಅದನ್ನು ದಂಡೆಗೆ ಎಳೆದು 2002ರಲ್ಲಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಎದುರಿಗೆ 2017ರಿಂದ ಟಿಯು-142 ವಿಮಾನವೂ ಇದೆ. ಮಧ್ಯಾಹ್ನ ಬಸ್ಸು ಹಿಡಿದು ಋಷಿಕೊಂಡಕ್ಕೆ ಹೋದೆವು. ಒಂದು ಕಡೆ ಬೆಟ್ಟ, ಒಂದು ಕಡೆ ನೀರು. ಅಲ್ಲಿ ದೋಣಿಯಾಟಗಳಿವೆ, ದುಡ್ಡಿದ್ದವರು ಆಡುತ್ತಾರೆ. ನಾವು ಮಂಡಿಮಟ್ಟ ನೀರಿನಲ್ಲಿ ನಿಂತು ಅಲೆಯ ಕೈಲಿ ಒದೆಸಿಕೊಂಡೆವು. ಅದಕ್ಕೆ ಟಿಕೇಟಿಲ್ಲ. ಸಂಜೆ ಆರ್‌.ಕೆ. ಬೀಚಿಗೆ ಬಂದರೆ ಜಾತ್ರೆ. ಗಾಳಿಪಟ, ಮುರಿ ಮಿಕ್ಚರ್, ಮೆಣಸಿನಕಾಯಿ ಬಜ್ಜಿ, ಕೆಂಡದಲ್ಲಿ ಸುಟ್ಟ ಮುಸುಕಿನ ಜೋಳ.

ವ್ಯಾಪಾರಸ್ಥರಿಗೆ ಲೆಕ್ಕ ಹೇಳಿದರೇ ಸಮಾಧಾನ. ರೈಲು, ಊಟ ಬಿಟ್ಟು ಆರು ಜನದ ಇಡೀ ದಿನದ ಖರ್ಚು, ಬಸ್ಸು, ಟೀ, ತಿಂಡಿ, ಸಬ್‌ಮರೀನ್ ಟಿಕೇಟು ಎಲ್ಲಾ ಸೇರಿ ಸಾವಿರದೈನೂರು ದಾಟಲಿಲ್ಲ. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಕುಟುಂಬಕ್ಕೆ ಸಂಜೆ ಕೈಕಾಲು ಚಾಚುವ ಅಂಗಳ ಇದೊಂದೇ. ಬೀಚಿನ ಬೆಲೆ ಇರುವುದು ಇಲ್ಲಿ. ಪ್ರವಾಸೋದ್ಯಮದ ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ತೂಬಿನ ಸೆಳೆತ

ಅದೇ ಅಂಗಳ ಜೀವವನ್ನೂ ತೆಗೆಯುತ್ತದೆ. ವಿಶಾಖದ ದಂಡೆಯಲ್ಲಿ ಮುಳುಗಿದವರ ಸುದ್ದಿ ತೆಲುಗು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಓದಿದರೆ ಹೆಚ್ಚಿನವರು ಹದಿಹರೆಯದ ವಿದ್ಯಾರ್ಥಿಗಳು, ಪ್ರವಾಸಕ್ಕೆ ಬಂದ ಒಳನಾಡಿನವರು. ನಮ್ಮಂಥವರು ಅನ್ನಿ. ಕಡಲನ್ನು ದೊಡ್ಡ ಕೆರೆ ಅಂದುಕೊಂಡು ಇಳಿಯುವವರು.

ಕೊಲ್ಲುವುದು ಎತ್ತರದ ಅಲೆಯೇ ಅಂತ ನಾವು ತಿಳಿಯುತ್ತೇವೆ. ದಂಡೆಗೆ ಬಂದ ನೀರು ವಾಪಸು ಹೋಗುವ ದಾರಿ ಅದಕ್ಕಿಂತ ಅಪಾಯ. ಅಲೆಗಳು ನೀರನ್ನು ದಡಕ್ಕೆ ತಂದು ಒಟ್ಟುತ್ತವೆ. ಆ ನೀರು ಉಸುಕಿನ ದಿಬ್ಬಗಳ ನಡುವೆ ಸಂದು ಹುಡುಕಿ, ಕೆರೆಯ ತೂಬು ಎತ್ತಿದಾಗ ನುಗ್ಗುವ ಹಾಗೆ, ಒಳಗೆ ಸೆಳೆದುಕೊಂಡು ಹೋಗುತ್ತದೆ. ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಎನ್ನುತ್ತಾರೆ. ಮೋಸ ಏನೆಂದರೆ, ಸೆಳೆತ ಇರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ. ನೋಡುವವನಿಗೆ ಅಲ್ಲೇ ನೀರು ಶಾಂತವಾಗಿದೆ ಅನ್ನಿಸಿ ಅಲ್ಲೇ ಇಳಿಯುತ್ತಾನೆ. ಆರ್‌.ಕೆ. ಬೀಚಿನಲ್ಲಿ ದಂಡೆ ಇಳಿಜಾರೂ ಹೆಚ್ಚು. ನಾಲ್ಕು ಹೆಜ್ಜೆ ಮಂಡಿಮಟ್ಟ ಇದ್ದದ್ದು ಐದನೆಯದಕ್ಕೆ ಎದೆಮಟ್ಟ ಆದೀತು.

ಸಿಕ್ಕಿಬಿದ್ದವನು ಮಾಡುವ ಮೊದಲ ಕೆಲಸ ದಡದ ಕಡೆಗೆ ಮುಖ ಮಾಡಿ ಜೀವಬಿಟ್ಟು ಈಜುವುದು. ಸೆಳೆತದ ಎದುರು ಈಜಿದರೆ ಗಟ್ಟಿ ಈಜುಗಾರನೂ ಸೋಲುತ್ತಾನೆ. ತೂಬು ಅಗಲ ಇರುವುದಿಲ್ಲ, ಈ ಸೆಳೆತವೂ ಅಷ್ಟೇ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿದರೆ ಅದರಿಂದ ಹೊರಬೀಳಬಹುದು. ಆಮೇಲೆ ಅಲೆಯೇ ದಡಕ್ಕೆ ತಳ್ಳುತ್ತದೆ. ಈಜಲಾಗದಿದ್ದರೆ ಅಂಗಾತ ತೇಲುತ್ತಾ ಕೈಯೆತ್ತಿ ಕೂಗಬೇಕು. ಈಜು ಬಾರದವರು ಮೀನಖಂಡ ದಾಟಿ ನೀರಿಗಿಳಿಯದಿರುವುದೇ ಮದ್ದು. ಮುಳುಗುವವನನ್ನು ಹಿಡಿಯಲು ಹಿಂದೆಯೇ ಹಾರುವ ಗೆಳೆಯನೂ ಹೋಗುತ್ತಾನೆ. ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆದು ಕಾವಲುಗಾರನನ್ನು ಕೂಗುವುದು ವಿವೇಕ. ಶಾಲೆ ಕಾಲೇಜಿನ ಪ್ರವಾಸದ ಬಸ್ಸು ನಮ್ಮೂರಿಂದ ಹೊರಡುವ ಮುಂಚೆ ಇಷ್ಟನ್ನು ಮೇಷ್ಟ್ರುಗಳು ಹೇಳಿಕೊಟ್ಟರೆ ಸಾಕು, ಎಷ್ಟೋ ಮನೆಯ ದೀಪ ಉಳಿಯುತ್ತದೆ.

ನಾವು ಆರ್‌.ಕೆ. ಬೀಚಿನಲ್ಲಿದ್ದಾಗ ಕಾವಲಿನ ಹುಡುಗನೊಬ್ಬ ಸೀಟಿ ಊದುತ್ತಾ, "ಲೋಪಲಿಕಿ ಪೋಕಂಡಿ ಬಾಬು" ಅಂತ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಬೆಸ್ತರ ಮನೆಯ ಹುಡುಗ, ನೀರಿನ ಬಣ್ಣ ನೋಡಿ ಸೆಳೆತ ಎಲ್ಲಿದೆ ಅಂತ ಹೇಳಬಲ್ಲ. ಭಾನುವಾರದ ಸಂಜೆ ಸಾವಿರಾರು ಜನ ಇಳಿದ ದಂಡೆಗೆ ಇಂಥವರು ಎಷ್ಟು ಜನ ಇದ್ದರೂ ಸಾಲದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆಯನ್ನು ದಿನವೂ ಕೊಡುತ್ತದೆ. ಅದನ್ನು ಒಂದು ಹಲಗೆಯ ಮೇಲೆ ತೆಲುಗಿನಲ್ಲಿ ದಪ್ಪಕ್ಷರದಲ್ಲಿ ಬರೆದು ಪ್ರತಿ ಇಳಿದಾರಿಯಲ್ಲಿ ನಿಲ್ಲಿಸಲು ಕೋಟಿ ಬೇಕಿಲ್ಲ.

ತೇಲುವ ಸೇತುವೆ, ಇಪ್ಪತ್ತು ರೂಪಾಯಿ

ಕೋಟಿ ಹೋಗುವ ದಾರಿ ಬೇರೆ. 2024ರ ಫೆಬ್ರವರಿ 25ರಂದು ಆರ್‌.ಕೆ. ಬೀಚಿನಲ್ಲಿ ತೇಲುವ ಸೇತುವೆ ಉದ್ಘಾಟನೆಯಾಯಿತು. ಅಲೆಗಳ ಮೇಲೆ ನಡೆದು ಹೋಗಿ ಕಡಲು ನೋಡಲಿ ಎಂಬುದು ಆಸೆ. ಮರುದಿನವೇ ಅದರ ತುದಿಯ ಭಾಗ ಬೇರೆಯಾಗಿ ನೀರಿನಲ್ಲಿ ನಿಂತಿತ್ತು. ಅಲೆ ಜೋರಿದ್ದುದರಿಂದ ಪರೀಕ್ಷೆಗೆಂದು ನಾವೇ ಬಿಡಿಸಿದ್ದು ಅಂತ ಅಧಿಕಾರಿಗಳು ಸಮಜಾಯಿಷಿ ಕೊಟ್ಟರು, ಕಿತ್ತುಹೋದದ್ದು ಅಂತ ವಿರೋಧ ಪಕ್ಷದವರು ಕೂಗಿದರು. ಯಾರ ಮಾತು ನಿಜವಾದರೂ ಒಂದು ಪ್ರಶ್ನೆ ಉಳಿಯಿತು. ಉದ್ಘಾಟನೆ ಮುಗಿದ ಮೇಲೆ ಪರೀಕ್ಷೆ ಮಾಡುವ ಪದ್ಧತಿ ಯಾವ ಊರಿನದು? ಹೊಸ ಎತ್ತನ್ನು ಮೊದಲು ಖಾಲಿ ಗಾಡಿಗೆ ಕಟ್ಟಿ ನೋಡಿ ಆಮೇಲೆ ಹೇರು ಹೇರುವುದು ನಮ್ಮ ಕ್ರಮ.

ಅದಕ್ಕೂ ಮುಂಚೆ, 2023ರ ಜುಲೈಯಲ್ಲಿ, ಋಷಿಕೊಂಡ ಬೀಚಿಗೆ ತಲೆಗೆ 20 ರೂಪಾಯಿ ಪ್ರವೇಶ ಶುಲ್ಕ ಎಂಬ ಸುದ್ದಿ ಬಂತು. ಊರವರೂ ಪಕ್ಷಗಳೂ ಎದ್ದು ನಿಂತದ್ದರಿಂದ ಸರ್ಕಾರ ಹಿಂದಕ್ಕೆ ಸರಿಯಿತು. ಇಪ್ಪತ್ತು ರೂಪಾಯಿ ಏನು ಮಹಾ ಎನ್ನುವವರಿದ್ದಾರೆ. ಐದು ಜನರ ಕುಟುಂಬಕ್ಕೆ ಅದು ನೂರು. ವಾರಕ್ಕೊಮ್ಮೆ ಹೋದರೆ ತಿಂಗಳಿಗೆ ನಾನೂರು. ಇಷ್ಟು ಕೊಡಲಾಗದವನು ಜಗಳ ಆಡುವುದಿಲ್ಲ, ಬರುವುದನ್ನು ಬಿಡುತ್ತಾನೆ ಅಷ್ಟೇ. ಬಾರದವನ ಲೆಕ್ಕ ಯಾರೂ ಇಡುವುದಿಲ್ಲ. ಋಷಿಕೊಂಡದ ಬೆಟ್ಟದ ಮೇಲೆ ಹಿಂದಿನ ಸರ್ಕಾರ ಕಟ್ಟಿಸಿದ ಕಟ್ಟಡಗಳ ಗಲಾಟೆ ಎಲ್ಲರಿಗೂ ಗೊತ್ತಿದ್ದದ್ದೇ. ಅದರ ರಾಜಕೀಯ ಇಲ್ಲಿ ಬೇಡ. ಸರ್ಕಾರ ಯಾವುದೇ ಇರಲಿ, ಎಲ್ಲರ ನೆಲಕ್ಕೆ ಮೊದಲು ಒಂದು ಗೇಟು, ಆಮೇಲೆ ಒಂದು ಟಿಕೇಟು, ಕೊನೆಗೆ ಒಂದು ಬೇಲಿ ಬರುವ ಕ್ರಮವನ್ನು ನಾವು ಹಳ್ಳಿಯವರು ಚೆನ್ನಾಗಿ ಬಲ್ಲೆವು.

ಶುಲ್ಕ ಬೇಡವಾದರೆ ಗುಡಿಸುವ ಆಳಿಗೆ, ಕಾವಲಿನವನಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ದಂಡೆಯಲ್ಲೇ ಇದೆ. ಕಡಲು ಕಾಣುವ ಕೋಣೆ ಅಂತ ಹೆಚ್ಚು ಬಾಡಿಗೆ ತೆಗೆದುಕೊಳ್ಳುವ ಹೋಟೆಲುಗಳಿವೆ. ಕಾರು ನಿಲ್ಲಿಸುವ ಜಾಗವಿದೆ, ದೋಣಿಯಾಟದ ಗುತ್ತಿಗೆಯಿದೆ, ದೊಡ್ಡ ಜಾಹೀರಾತು ಹಲಗೆಗಳಿವೆ. ಕಡಲಿನಿಂದ ದುಡಿಯುವವರು ಕಡಲಿಗೆ ಕೊಡಲಿ. ಉಸುಕಿನ ಮೇಲೆ ಕೂರುವುದಕ್ಕೆ, ನೀರಿನಲ್ಲಿ ಕಾಲಿಡುವುದಕ್ಕೆ ಕಾಸು ಕೇಳಬಾರದು.

ಮೇಲಿನವನ ಒಡ್ಡು, ಕೆಳಗಿನವನ ಕೊರಕಲು

ಬಾವುಟ, ಗೇಟು, ಸೇತುವೆಗಳಿಗಿಂತ ದೊಡ್ಡ ಸಂಗತಿ ಒಂದಿದೆ. ಅದು ಉಸುಕು. ಪೂರ್ವ ಕರಾವಳಿಯಲ್ಲಿ ನೈಋತ್ಯ ಮಾರುತದ ತಿಂಗಳುಗಳಲ್ಲಿ ಅಲೆಗಳು ಓರೆಯಾಗಿ ಬಡಿದು ಉಸುಕನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಈಶಾನ್ಯ ಮಾರುತದಲ್ಲಿ ಸ್ವಲ್ಪ ಹಿಂದಕ್ಕೆ ಬರುತ್ತದೆ, ಆದರೆ ವರ್ಷದ ಒಟ್ಟು ಲೆಕ್ಕದಲ್ಲಿ ಉತ್ತರಕ್ಕೆ ಹೋಗುವುದೇ ಹೆಚ್ಚು. ಇದು ದಂಡೆಗುಂಟ ಹರಿಯುವ ಉಸುಕಿನ ಕಾಲುವೆ ಇದ್ದ ಹಾಗೆ.

ವಿಶಾಖಪಟ್ಟಣದ ಬಂದರು 1933ರಲ್ಲಿ ಆದದ್ದು. 1970ರ ದಶಕದಲ್ಲಿ ಹೊರ ಬಂದರಿಗಾಗಿ ಕಡಲಿನೊಳಕ್ಕೆ ಉದ್ದುದ್ದ ಕಲ್ಲಿನ ತಡೆಗೋಡೆಗಳನ್ನು ಹಾಕಿದರು. ಉಸುಕಿನ ಕಾಲುವೆಗೆ ಅಡ್ಡಲಾಗಿ ಒಡ್ಡು ಬಿದ್ದಂತಾಯಿತು. ಹಳ್ಳಕ್ಕೆ ಮೇಲಿನ ಹೊಲದವನು ಒಡ್ಡು ಹಾಕಿದರೆ ಅವನಲ್ಲಿ ಗೋಡು ನಿಲ್ಲುತ್ತದೆ, ಕೆಳಗಿನವನ ಬದು ಕೊರೆಯುತ್ತದೆ. ಬಂದರಿನ ಉತ್ತರಕ್ಕೆ ಇರುವ ಆರ್‌.ಕೆ. ಬೀಚು ಆ ಕೆಳಗಿನ ಹೊಲ. ಮೇಲಿನಿಂದ ಬರಬೇಕಾದ ಉಸುಕು ಬಾರದೆ ದಂಡೆ ಸವೆಯುತ್ತದೆ. ಚೆನ್ನೈನಲ್ಲಿ ಇದೇ ಲೆಕ್ಕ ತಿರುಗುಮುರುಗು. 1881ರ ಹೊತ್ತಿಗೆ ಅಲ್ಲಿ ಬಂದರಿನ ಗೋಡೆಗಳು ಎದ್ದವು. ಗೋಡೆಯ ದಕ್ಷಿಣಕ್ಕಿದ್ದ ಮರೀನಾದಲ್ಲಿ ಉಸುಕು ಶೇಖರವಾಗಿ ಅಷ್ಟಗಲದ ಬೀಚಾಯಿತು; ಉತ್ತರದ ರಾಯಪುರಂ ಕಡೆಯ ಬೆಸ್ತರ ದಂಡೆಯನ್ನು ಕಡಲು ತಿಂದಿತು. ಒಬ್ಬರ ಉದ್ಯಾನ ಇನ್ನೊಬ್ಬರ ಮನೆಯ ಬೆಲೆಯಲ್ಲಿ ಬಂದದ್ದು ಅಂದರೆ ತಪ್ಪಾಗದು.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಬಂದರಿನ ದಕ್ಷಿಣಕ್ಕೆ ತಗ್ಗು ತೋಡಿ ಉಸುಕನ್ನು ಹಿಡಿದು, ಹೂಳೆತ್ತುವ ಹಡಗಿನಿಂದ ಅದನ್ನು ಉತ್ತರದ ದಂಡೆಗೆ ಸುರಿಯುವ ಕೆಲಸ ವರ್ಷಗಳಿಂದ ನಡೆದಿದೆ. ಎಷ್ಟು ಸುರಿದರು, ಯಾವಾಗ ಸುರಿದರು, ಎಲ್ಲಿ ಸುರಿದರು ಎಂಬುದರ ಮೇಲೆ ಬೀಚಿನ ಅಗಲ ನಿಂತಿದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಕ್ಕೇ ಅಪ್ಪಳಿಸಿದಾಗ ತೆಳ್ಳಗಾದ ದಂಡೆ ರಸ್ತೆಯನ್ನು ಎಷ್ಟು ಕಾಯಬಲ್ಲದು ಅಂತ ಊರಿಗೆ ಗೊತ್ತಾಯಿತು. ಉಸುಕು ಬರೀ ಆಟದ ಅಂಗಳವಲ್ಲ, ಪಟ್ಟಣದ ಕೆರೆ ಏರಿಯೂ ಹೌದು. ಚಳಿಗಾಲದಲ್ಲಿ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲೆ ಆಮೆಗಳಿಗೂ ಅದೇ ಬೇಕು. ಆದರೆ ಸುರಿದ ಉಸುಕಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಅದಕ್ಕೇ ಅದು ಸುದ್ದಿಯಾಗುವುದಿಲ್ಲ.

ತಳ್ಳುಗಾಡಿಯವರ ಪಾಲು

ಸಂಜೆ ಒಬ್ಬ ಹೆಂಗಸಿನ ಹತ್ತಿರ ನಮ್ಮ ಸೀಮೆಯ ತೆಲುಗಿನಲ್ಲಿ ಶೆನಕ್ಕಾಯಲು ಕೇಳಿದೆ. ಆಯಮ್ಮ ನಕ್ಕು, "ಪಲ್ಲೀಲಾ ಬಾಬು?" ಅಂದಳು. ಒಂದೇ ರಾಜ್ಯ, ಒಂದೇ ಕಡಲೆಕಾಯಿ, ಹೆಸರು ಬೇರೆ. ನಾವು ಅನಂತಪುರ ಕಡೆಯವರು, ಬೆಳೆಯುವವರು ಅಂದಾಗ ಇನ್ನೊಂದು ಹಿಡಿ ಹೆಚ್ಚು ಹಾಕಿದಳು. ವ್ಯಾಪಾರ ಹೇಗಮ್ಮ ಎಂದರೆ, "ದೊಡ್ಡವರು ಬರೋ ದಿನ ನಾವಿಲ್ಲಿ ಇರಬಾರದು ಬಾಬು, ಉಳಿದ ದಿನ ಪರವಾಗಿಲ್ಲ" ಅಂದಳು.

2025ರ ಜೂನ್ 21ರ ಯೋಗ ದಿನಕ್ಕೆ ಪ್ರಧಾನಿ ಬಂದಾಗ ಆರ್‌.ಕೆ. ಬೀಚಿನಿಂದ ಭೋಗಾಪುರದ ಕಡೆಗೆ ಮೂರು ಲಕ್ಷ ಜನ ಸೇರಿದರು ಅಂತ ಸರ್ಕಾರದ ಲೆಕ್ಕ. ಅಷ್ಟು ಜನಕ್ಕೆ ನೀರು, ಶೌಚಾಲಯ, ಸಾರಿಗೆ ಒದಗಿಸುವ ಶಕ್ತಿ ಇರುವ ಆಡಳಿತಕ್ಕೆ ಮಾಮೂಲಿ ಭಾನುವಾರ ಕಷ್ಟವಾಗಬಾರದು. ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆಯೂ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಡಿಮೆಯೆಂದರೆ ನೂರಕ್ಕೆ ನಲವತ್ತು ಜನ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ಸರ್ವೆ ಮಾಡಿ ಜಾಗ ಗುರುತಿಸಿ ಚೀಟಿ ಕೊಡಬೇಕು. ಚೀಟಿ ಇದ್ದವಳಿಗೆ ತನ್ನ ಜಾಗ ಗುಡಿಸಿಕೊಳ್ಳುವ ಹೊಣೆಯನ್ನೂ ಹೊರಿಸಬಹುದು. ನಾಳೆ ಎಬ್ಬಿಸುತ್ತಾರೆಂಬ ಭಯದಲ್ಲಿ ಇರುವವಳಿಗೆ ಪೊರಕೆ ಹಿಡಿ ಅಂತ ಯಾವ ಬಾಯಲ್ಲಿ ಹೇಳುವುದು?

ನಮಗೇನು ಪಾಠ?

ಕಡಲ ದಂಡೆ ಸರ್ಕಾರದ ಸ್ವಂತ ಆಸ್ತಿಯಲ್ಲ ಎಂಬುದು ಈಗ ಬರೀ ಭಾವನೆಯ ಮಾತಲ್ಲ. 1996ರಲ್ಲಿ ಕಮಲನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹರಿಯುವ ನೀರು, ಕಡಲ ದಂಡೆ, ಕಾಡು ಇಂಥವುಗಳಿಗೆ ಸರ್ಕಾರ ಬರೀ ಧರ್ಮದರ್ಶಿ, ಜನರ ಪರವಾಗಿ ಕಾಯಬೇಕಾದವನು ಎಂದಿತು. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು ಊರ ಕೆರೆ, ಗೋಮಾಳಗಳ ಒತ್ತುವರಿ ತೆರವಿಗೆ ಎಲ್ಲಾ ರಾಜ್ಯಗಳೂ ಯೋಜನೆ ಮಾಡಬೇಕೆಂದು ಹೇಳಿತು. ದಂಡೆಗೂ ಗೋಮಾಳಕ್ಕೂ ಇರುವ ನ್ಯಾಯ ಒಂದೇ ಬಗೆಯದು.

ವಿಶಾಖದ ಜನ ಇಪ್ಪತ್ತು ರೂಪಾಯಿಯ ಗೇಟನ್ನು ಕೆಲವೇ ದಿನಗಳಲ್ಲಿ ತೆಗೆಸಿದರು, ಯಾಕೆಂದರೆ ದಿನಾ ಅಲ್ಲಿಗೆ ಹೋಗುವವರು ಅವರು. ನಮ್ಮೂರ ಗೋಮಾಳ ಹೋದದ್ದು ದನ ಮೇಯಿಸಲು ಹೋಗುವವರು ಕಡಿಮೆಯಾದ ಮೇಲೆ. ಜನ ಬಳಸುವ ನೆಲ ಉಳಿಯುತ್ತದೆ, ಬಳಕೆ ನಿಂತ ನೆಲಕ್ಕೆ ಕಳ್ಳ ಬೇಲಿ ಬರುತ್ತದೆ. ಋಷಿಕೊಂಡದ ಬಾವುಟ ಇಳಿಸಿದ್ದು ಕಸ ಹಾಗೂ ನಿರ್ಲಕ್ಷ್ಯ, ಏರಿಸಿದ್ದು ಪೊರಕೆ. ಆ ಪೊರಕೆ ಪರೀಕ್ಷಕರು ಬರುವ ವಾರ ಮಾತ್ರ ಓಡಾಡಿದರೆ ಬಾವುಟ ಮತ್ತೆ ಇಳಿಯಲು ಹೊತ್ತು ಬೇಕಿಲ್ಲ.

ಆದ್ದರಿಂದ ಆಂಧ್ರ ಸರ್ಕಾರದ ಮುಂದೆ ಇಡಬೇಕಾದ ಕೇಳಿಕೆ ನಾಲ್ಕೇ: ದಂಡೆಗೆ ಪ್ರವೇಶ ಎಂದೂ ಬಿಟ್ಟಿ ಇರಲಿ, ವರ್ಷವಿಡೀ ಸಂಬಳ ಸಿಗುವ ಕಾವಲುಗಾರರು ಸಾಕಷ್ಟು ಇರಲಿ, ಪ್ರತಿ ವರ್ಷ ಸುರಿದ ಉಸುಕಿನ ಲೆಕ್ಕ ಜನರಿಗೆ ಕಾಣುವಂತೆ ಹಾಕಲಿ, ತಳ್ಳುಗಾಡಿಯವರಿಗೆ ಕಾಯಿದೆ ಪ್ರಕಾರ ಚೀಟಿ ಕೊಡಲಿ. ಮಡಕಶಿರಾ, ರಾಯದುರ್ಗ, ಆದೋನಿ ಕಡೆಯ ನಮ್ಮ ಎಂ.ಎಲ್‌.ಎ.ಗಳಿಗೂ ಇದನ್ನು ಕೇಳುವ ಹಕ್ಕಿದೆ, ರಾಜ್ಯದ ಕಡಲು ಕರಾವಳಿ ಜಿಲ್ಲೆಗಳವರ ಪಿತ್ರಾರ್ಜಿತ ಏನಲ್ಲವಲ್ಲ. ಹಾಗೆ ಕೇಳುವ ನಾಲಿಗೆ ನಮ್ಮೂರ ಪೋರಂಬೋಕಿನ ಸರ್ವೆ ನಂಬರನ್ನೂ ಮುಂದಿನ ಗ್ರಾಮಸಭೆಯಲ್ಲಿ ಒಮ್ಮೆ ಕೇಳಲಿ.